ರೊಟ್ಟಿ ಲೆಕ್ಕ

ಮನೆಯಲ್ಲಿ ಎಷ್ಟು ಮಂದಿ? ಅಂದೆ.
ಐದು, ಅಂದಳು ಎರ್ರೆಮ್ಮ.
ಆರನೆಯವನು ಚೊಂಬಿನಲ್ಲಿ ನೀರು ತಂದ,
ಅರ್ಧ ದಾರಿಯಲ್ಲೇ ಚೆಲ್ಲಿ
ಉಳಿದರ್ಧ ನನ್ನ ಕೈಗಿಟ್ಟು ನಕ್ಕ.

ಬಳ್ಳಾರಿ, ಕೌಲ್ ಬಜಾರು, ಮೂರನೇ ಸಂದಿ.
ಹತ್ತೂವರೆಗೇ ತಗಡಿನ ಮೇಲೆ ಬಿಸಿಲು ಹುರಿಯುತ್ತಿತ್ತು.
ಪೆನ್ಸಿಲಿನಲ್ಲೇ ಬರಿ, ಆಮೇಲೆ ತಿದ್ದೋಕೆ ಬರ್ತದ
ಅಂದಿದ್ದರು ಆಫೀಸಿನಲ್ಲಿ.
ಕಾಲಂ ಹದಿನೇಳು: ಬುದ್ಧಿ ಬೆಳವಣಿಗೆ ಕುಂಠಿತರಾದವರು.
ದುಂಡಗೆ ಒಂದು ಸೊನ್ನೆ ಸುತ್ತಿದೆ.

ನಲವತ್ತು ಮನೆ, ನಲವತ್ತು ಸೊನ್ನೆ.
ನಮ್ಮಲ್ಲಿ ಅಂಥೋರು ಯಾರೂ ಇಲ್ಲಮ್ಮ,
ಹಿಂದಿನ ಓಣ್ಯಾಗ ಒಂದೈತಿ, ಹೋಗಿ ಕೇಳು.
ಹಿಂದಿನ ಓಣಿಯವರು
ಮುಂದಿನ ಓಣಿ ತೋರಿಸಿದರು.

ನಲವತ್ತೊಂದನೆಯ ಮನೆ.
ಹಸಿವಾಗಿತ್ತೋ, ಕಾಲು ಸೋತಿತ್ತೋ,
ರೊಟ್ಟಿ ಬಡಿಯುತ್ತಿದ್ದವಳ ಪಕ್ಕ ಕೂತು
ಸುಮ್ಮನೆ ಮಾತಿಗೆ ಕೇಳಿದೆ:
ದಿನಾ ಎಷ್ಟು ಮಂದಿಗೆ ಬಡೀತಿಯವ್ವ?
ಏಳು ಮಂದಿಗೆ, ಅಂದಳು, ಬಡಿತ ನಿಲ್ಲಿಸದೆ.
ನನ್ನ ಹಾಳೆಯಲ್ಲಿ ಆರು ಇತ್ತು.

ಹಿಟ್ಟು ಹತ್ತಿದ ಕೈಗೆ ಸುಳ್ಳು ಹೇಳಲು ಬಿಡುವಿಲ್ಲ.

ಅಲ್ಲಿಂದ ಮುಂದೆ ಬುದ್ಧಿ ಹೆಂಗೈತಿ ಅಂತ ಕೇಳಲಿಲ್ಲ,
ರೊಟ್ಟಿ ಕೇಳಿದೆ.
ಮಂದಿಗೂ ರೊಟ್ಟಿಗೂ ನಡುವಿನ ಸಂದಿನಿಂದ
ಒಬ್ಬೊಬ್ಬರೇ ಹೊರಗೆ ಬಂದರು.

ಶೇಕ್ಷಾವಲಿ, ವಯಸ್ಸು ನಲವತ್ತಾರು, ಇನ್ನೂ ಹುಡುಗ.
ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುತ್ತಾನೆ,
ಅವನು ಒಂದು ಎಳೆ ಉಳಿಸಿದ್ದನ್ನು ಯಾರೂ ಕಂಡಿಲ್ಲ.
ನೂರರಾಚೆ ಎಣಿಸಲಾರ.
ಅದು ಮಾಲೀಕನಿಗೂ ಗೊತ್ತು.

ಸುಂಕಲಮ್ಮ, ಒಂಬತ್ತು.
ಬಂದದ್ದು ಒಂದೇ ಮಾತು, ಗಾಡಿ.
ಅದಿರಿನ ಗಾಡಿ ಹಾದಾಗಲೆಲ್ಲ ಅಂಗಳಕ್ಕೆ ಓಡಿ
ಅದನ್ನೇ ಹೇಳುತ್ತಾಳೆ,
ಡಬ್ಬಿಗೊಂದು ಸಲ, ಐವತ್ತೆಂಟು ಡಬ್ಬಿ.

ಗಾದಿಲಿಂಗಪ್ಪನ ಹೆಂಡತಿಗೆ ಗಡಿಯಾರ ತಿಳಿಯದು.
ಮಗುವಿನ ಔಷಧಿಯ ಹೊತ್ತನ್ನು
ಆಚೆ ಮಸೀದಿಯ ಬಾಂಗು ಹೇಳುತ್ತದೆ, ತಪ್ಪಿದ್ದಿಲ್ಲ.
ಇವಳನ್ನು ಬರೆಯಲೋ ಬೇಡವೋ?
ಪೆನ್ಸಿಲ್ ಕಚ್ಚುತ್ತ ನಿಂತೆ.

ಭೋಳೆ, ಸಾದು, ದೇವರ ಕೂಸು, ಒಂದು ಸುತ್ತು ಕಮ್ಮಿ,
ಗ್ರಹಣದಾಗ ಹುಟ್ಟಿದ್ದು,
ಸಂದಿಗೊಂದು ಹೆಸರು.
ರಸೂಲ್‌ಬಿ ಮಾತ್ರ ಮೊಮ್ಮಗಳ ಭುಜ ಹಿಡಿದು ಮುಂದೆ ನಿಲ್ಲಿಸಿ
ಮೊದಲು ಇಕಿ ಹೆಸರು ಬರಕೋ, ಅಂದಳು,
ದಪ್ಪ ಅಕ್ಷರದಾಗ.

ಸಂಜೆ ಆಫೀಸಿನಲ್ಲಿ ಸೂಪರ್‌ವೈಜರ್ ಮೇಡಂ
ಹಾಳೆ ತಿರುವಿ ಕನ್ನಡಕ ಹಣೆಗೇರಿಸಿದರು.
ಒಂದೇ ವಾರ್ಡಿನಾಗ ಇಷ್ಟಾ?
ಮೇಲಿನೋರು ನಂಬಂಗಿಲ್ಲ. ಇನ್ನೊಮ್ಮೆ ನೋಡಿ ಬಾ.
ಆಮೇಲೆ ಫ್ಯಾನಿನ ಗರಗರದ ಕೆಳಗೆ
ನಮ್ಮ ಅಣ್ಣನ ಮಗನೂ...
ಅಂದು, ಸ್ಟೇಪ್ಲರ್ ಹುಡುಕತೊಡಗಿದರು.
ಅದು ಅವರ ಕೈಯಲ್ಲೇ ಇತ್ತು.

ಮರುದಿನ ಮತ್ತೆ ಎರ್ರೆಮ್ಮನ ಹೊಸ್ತಿಲು.
ನಾನೇನೂ ಕೇಳಲಿಲ್ಲ. ಒಲೆಯ ಕಡೆ ನೋಡಿದೆ.
ಅವಳು ನನ್ನ ನೋಡಿದಳು, ತಟ್ಟೆ ನೋಡಿದಳು.
ಅಷ್ಟೊತ್ತಿಗೆ ಅವನೇ ಸ್ಟೂಲು ಎಳೆದು ತಂದು
ನನ್ನೆದುರು ತಾನೇ ಕೂತು
ಜ, ಡೆ, ಪ್ಪ, ಅಂದ,
ಒಂದೊಂದೇ ಅಕ್ಷರಕ್ಕೆ ಉಸಿರು ತೆಗೆದುಕೊಂಡು.
ಹೂಂ, ಬರಕೋ, ಅಂದಳು ಎರ್ರೆಮ್ಮ, ಒಲೆಗೇ.

ಕನ್ನಡದ ಸೊನ್ನೆಯನ್ನು ಒಂದು ಮಾಡಲು
ಹೆಚ್ಚು ಕೆಲಸವಿಲ್ಲ.
ಬುಡದಲ್ಲಿ ಒಂಚೂರು ರಬ್ಬರು ಆಡಿಸಿ
ಬಾಗಿಲಷ್ಟು ಜಾಗ ಬಿಟ್ಟರಾಯಿತು.

ಅವನು ಬಗ್ಗಿ ನೋಡಿದ. ತನ್ನ ಸಾಲಿನ ಮೇಲೆ
ಬೆರಳು ಎಳೆದು, ಹಾಳೆಯ ಅಂಚಿಗೆ ಬಂದು, ನಿಂತು,
ನಿನ್ನ ಎಲ್ಲಿ ಬರಕೊಂಡಿ? ಅಂದ.

ಹುಡುಕಿದೆ.
ಹಾಳೆ ತಿರುವಿ ಹಾಕಿ, ಹಿಂದೆಯೂ ಹುಡುಕಿದೆ.